ಈ ದ್ರಾಕ್ಷಿಗೂ ಒಂದು ಊರಿದೆ

ಸಂತೆಯಲ್ಲಿ ಒಣಮೆಣಸಿನಕಾಯಿ ಕೊಳ್ಳುವಾಗ ‘ಬ್ಯಾಡಗೀದು ಇದೆಯೇನಪ್ಪಾ?’ ಎಂದು ಕೇಳುತ್ತೀರಿ, ಅಲ್ಲವೇ? ಬಾಳೆಯಾದರೆ ನಂಜನಗೂಡಿನ ರಸಬಾಳೆ, ಮಲ್ಲಿಗೆಯಾದರೆ ಮೈಸೂರಿನದೋ ಉಡುಪಿಯದೋ. ದ್ರಾಕ್ಷಿಯ ಗಾಡಿ ಮುಂದೆ ಮಾತ್ರ ಒಂದೇ ಪ್ರಶ್ನೆ: ‘ಬೀಜ ಇದೆಯಾ, ಇಲ್ವಾ?’

ನನ್ನ ತವರು ಚಿಕ್ಕಬಳ್ಳಾಪುರದ ಕಡೆ. ಅಲ್ಲಿಯ ಕೆಂಪುಮಣ್ಣಿನ ತೋಟಗಳಲ್ಲಿ ಕಲ್ಲುಕಂಬದ ಚಪ್ಪರದ ಕೆಳಗೆ ತೂಗುವ ಕಪ್ಪು ದ್ರಾಕ್ಷಿಗೆ ‘ಬೆಂಗಳೂರು ಬ್ಲೂ’ ಎಂದು ಹೆಸರು. ಬೀಜ ಉಂಟು, ಸಿಪ್ಪೆ ದಪ್ಪ, ಹುಳಿ ಸ್ವಲ್ಪ ಮುಂದು. ಆದರೆ ಅದರ ಘಮ! ಒಂದು ಗೊಂಚಲು ಮನೆಗೆ ತಂದರೆ ಪಡಸಾಲೆಯಲ್ಲಿ ಕೂತವರಿಗೂ ಗೊತ್ತಾಗಬೇಕು. 1999ರ ಕಾಯಿದೆಯಡಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಅಂದರೆ ಈ ಸೀಮೆಯ ಹಣ್ಣಿಗೇ ಈ ಹೆಸರು ಎಂದು ಸರ್ಕಾರವೇ ಒಪ್ಪಿಕೊಂಡ ಹಾಗೆ.

ಕಾಗದದ ಮೇಲೆ ಹೆಸರು ಬಂದರೆ ಸಾಕೇ? ಹೇಳುತ್ತೇನೆ ಕೇಳಿ. 2020ರ ಏಪ್ರಿಲಿನಲ್ಲಿ ಲಾಕ್‌ಡೌನ್ ಇದ್ದಾಗ ನಮ್ಮಣ್ಣನ ತೋಟದಲ್ಲಿ ಹಣ್ಣು ಮಾಗಿ ನಿಂತಿತ್ತು. ಕೊಳ್ಳುವವರು ಬರಲಿಲ್ಲ. ಅತ್ತಿಗೆ ಬುಟ್ಟಿಗಟ್ಟಲೆ ಹಣ್ಣನ್ನು ಊರವರಿಗೆ ಹಂಚಿದರು, ಉಳಿದದ್ದು ಗೊಬ್ಬರದ ಗುಂಡಿಗೆ ಹೋಯಿತು. ಮರುವರ್ಷ ಅಣ್ಣ ಅರ್ಧ ಚಪ್ಪರ ಕಿತ್ತು ಬೇರೆ ತಳಿ ಹಾಕಿದ. ಉಳಿದರ್ಧದ ಮಾತು ಈಗ ಮನೆಯಲ್ಲಿ ದಿನವೂ ನಡೆಯುತ್ತದೆ.

ಈ ಹಣ್ಣಿನಿಂದ ಜ್ಯೂಸ್, ಜಾಮ್ ಆಗುತ್ತದೆ, ಸಿಹಿ ವೈನೂ ಆಗುತ್ತದೆ. ವೈನ್ ಎಂದೊಡನೆ ಹುಬ್ಬು ಗಂಟಿಕ್ಕಬೇಡಿ! ಕುಡಿಯುವುದು ಬಿಡುವುದು ಅವರವರ ಮನೆಯ ಮಾತು. ಬೆಳೆದವರ ಮನೆಯ ಒಲೆ ಉರಿಯಬೇಕಲ್ಲ? ನಮ್ಮ ರಾಜ್ಯ 2007ರಲ್ಲೇ ದ್ರಾಕ್ಷಿ ಸಂಸ್ಕರಣೆಗೂ ವೈನಿಗೂ ಒಂದು ನೀತಿ ತಂದಿತು. ನಂದಿಬೆಟ್ಟದ ತಪ್ಪಲಿನಲ್ಲಿ ಒಳ್ಳೆಯ ವೈನೂ ತಯಾರಾಗುತ್ತದೆ. ಆದರೆ ದುಬಾರಿ ಬಾಟಲಿಗಳ ಮೇಲೆ ಹೆಚ್ಚಾಗಿ ಫ್ರಾನ್ಸಿನ ತಳಿಗಳ ಹೆಸರು. ನಮ್ಮ ನೀಲಿ ದ್ರಾಕ್ಷಿ ಹೆಸರಿಲ್ಲದೆ ಪೀಪಾಯಿ ಸೇರುತ್ತದೆ. ಅದೇ ಫ್ರಾನ್ಸಿನವರನ್ನು ನೋಡಿ: ಶಾಂಪೇನ್ ಎಂಬುದು ಅಲ್ಲಿಯ ಒಂದು ಸೀಮೆಯ ಹೆಸರು. ಪಕ್ಕದ ಸೀಮೆಯವರು ಅಷ್ಟೇ ಚೆನ್ನಾಗಿ ಮಾಡಿದರೂ ಆ ಹೆಸರು ಹಚ್ಚುವ ಹಾಗಿಲ್ಲ. ಊರಿನ ಹೆಸರೇ ಅಲ್ಲಿ ರೈತನ ಬಂಡವಾಳ.

ಕಾರ್ಖಾನೆ, ಕಾನೂನು ನಮ್ಮ ಕೈಯಲ್ಲಿಲ್ಲ ನಿಜ. ಕೈಚೀಲ ನಮ್ಮ ಕೈಯಲ್ಲೇ ಇದೆಯಲ್ಲ! ಹೆಸರು ಹಿಡಿದು ನಾಲ್ಕು ಜನ ಕೇಳಿದರೆ ಅಂಗಡಿಯವನು ಮಂಡಿಯಲ್ಲಿ ಕೇಳುತ್ತಾನೆ, ಮಂಡಿಯವನು ತೋಟಕ್ಕೆ ಬರುತ್ತಾನೆ. ಜ್ಯೂಸ್ ಬಾಟಲಿ ಕೊಳ್ಳುವಾಗಲೂ ತಿರುಗಿಸಿ ಓದಿ, ಯಾವ ಊರಿನ ಹಣ್ಣು ಎಂದು ಬರೆದಿದೆಯೇ?

ಬೀಜದ ಹಣ್ಣು ಮಕ್ಕಳು ತಿನ್ನೋಲ್ಲ ಎನ್ನುವಿರಾ? ಹೀಗೆ ಮಾಡಿ. ಒಂದು ಕಿಲೋ ಹಣ್ಣನ್ನು ಉಪ್ಪುನೀರಿನಲ್ಲಿ ತೊಳೆದು, ಸ್ಟೀಲ್ ಪಾತ್ರೆಯಲ್ಲಿ ಒಂದು ಲೋಟ ನೀರಿನೊಡನೆ ಸಣ್ಣ ಉರಿಯಲ್ಲಿಡಿ. ಸಿಪ್ಪೆ ಬಿರಿದೊಡನೆ ಇಳಿಸಿ, ಸೌಟಿನಿಂದ ಮೆಲ್ಲಗೆ ಹಿಸುಕಿ. ಮಿಕ್ಸಿಗೆ ಹಾಕಬೇಡಿ, ಬೀಜ ಒಡೆದರೆ ಕಹಿ. ಸೋಸಿ, ರುಚಿಗೆ ತಕ್ಕಷ್ಟು ಸಕ್ಕರೆ ಬೆರೆಸಿ ಒಂದು ಕುದಿ ಬರಿಸಿ, ಆರಿಸಿ ಫ್ರಿಜ್ಜಿನಲ್ಲಿಡಿ. ಕುಡಿಯುವಾಗ ತಣ್ಣೀರು ಬೆರೆಸಿದರಾಯಿತು. ಬಣ್ಣ, ಎಸೆನ್ಸ್ ಯಾವುದೂ ಬೇಡ. ಮಕ್ಕಳು ಲೋಟ ಚಾಚಿದಾಗ ಅದು ಎಲ್ಲಿಯ ಹಣ್ಣು ಅಂತ ಒಂದು ಮಾತು ಹೇಳಿ.