ಸೌಕಾರ್‌ಪೇಟೆಯಿಂದ ಸೇತುವಿಗೆ

ಚೆನ್ನೈನ ಜಾರ್ಜ್ ಟೌನಿನಲ್ಲಿ, ಒಂದು ಕಾಲಕ್ಕೆ ಈಸ್ಟ್ ಇಂಡಿಯಾ ಕಂಪನಿಯ ಟಂಕಸಾಲೆ ಇದ್ದ ಮಿಂಟ್ ಸ್ಟ್ರೀಟಿನ ಸುತ್ತ ಹೆಣೆದುಕೊಂಡಿರುವ ಸೌಕಾರ್‌ಪೇಟೆಯು ಸಾಹುಕಾರರ, ಎಂದರೆ ಲೇವಾದೇವಿ ಮತ್ತು ಸಗಟು ವ್ಯಾಪಾರ ನಡೆಸುವ ಮನೆತನಗಳ ಪೇಟೆ. ರಾಜಸ್ಥಾನ, ಗುಜರಾತುಗಳಿಂದ ತಲೆಮಾರುಗಳ ಹಿಂದೆ ಬಂದ ಕುಟುಂಬಗಳು ಇಲ್ಲಿ ತಮಿಳು ಮತ್ತು ತೆಲುಗು ವರ್ತಕರ ನೆರೆಯಲ್ಲಿ ಅಂಗಡಿ ಹೂಡಿ, ಗಿರಾಕಿಗಳೊಂದಿಗೆ ತಮಿಳಿನಲ್ಲಿ ವ್ಯವಹರಿಸುತ್ತ, ಮನೆಯೊಳಗೆ ತಮ್ಮ ನುಡಿ, ಅಡುಗೆ, ವ್ರತಗಳನ್ನು ಉಳಿಸಿಕೊಂಡಿವೆ. ಚಂದ್ರಪ್ರಭ ತೀರ್ಥಂಕರನ ಜಿನಾಲಯ, ಏಕಾಂಬರೇಶ್ವರನ ಗುಡಿ, ಉತ್ತರದ ವೈಷ್ಣವ ಸಾಧುಗಳಾದ ಬೈರಾಗಿಗಳ ಹೆಸರು ಹೊತ್ತ ಮಠದ ವೆಂಕಟೇಶ ದೇವಾಲಯ, ಇವೆಲ್ಲ ನಡೆದು ಮುಟ್ಟುವಷ್ಟು ಹತ್ತಿರದಲ್ಲಿದ್ದು, ಕೈಗಾಡಿಗಳ ನೂಕುನುಗ್ಗಲಿನ ನಡುವೆ ಒಂದರ ಗಂಟೆ ಇನ್ನೊಂದಕ್ಕೆ ಕೇಳಿಸುತ್ತದೆ. ರಾಮೇಶ್ವರ ದ್ವೀಪದ ಯಾತ್ರೆಯನ್ನು ಈ ಪೇಟೆಯಿಂದ ಆರಂಭಿಸುವುದು ಸಹಜವಾಗಿದೆ. ಏಕೆಂದರೆ ಬದರಿ, ದ್ವಾರಕೆ, ಪುರಿಗಳ ಜೊತೆಗೆ ರಾಮೇಶ್ವರವನ್ನೂ ಎಣಿಸುವ ಚತುರ್ಧಾಮದ, ಎಂದರೆ ದೇಶದ ನಾಲ್ಕು ದಿಕ್ಕುಗಳ ನಾಲ್ಕು ಪುಣ್ಯಕ್ಷೇತ್ರಗಳ, ಕಲ್ಪನೆಯನ್ನು ಇಲ್ಲಿನ ಮನೆಗಳು ತಮ್ಮ ಪೂರ್ವಜರ ಊರುಗಳಿಂದಲೇ ತಂದಿವೆ.

ಕನ್ನಡ ನಾಡಿನ ಯಾತ್ರಿಕರಿಗೆ ಇದೇ ದಾರಿ ಇನ್ನೊಂದು ಬಗೆಯಲ್ಲಿ ಪರಿಚಿತವಾದದ್ದು. ಕಾಶಿಗೆ ಹೋದವರು ರಾಮೇಶ್ವರಕ್ಕೂ ಹೋಗಬೇಕು, ರಾಮಸೇತುವಿನ ಮರಳನ್ನು ಪ್ರಯಾಗದ ತ್ರಿವೇಣಿಯಲ್ಲಿ ಬಿಟ್ಟು ಅಲ್ಲಿನ ಗಂಗೆಯನ್ನು ತಂದು ರಾಮನಾಥನಿಗೆ ಅಭಿಷೇಕ ಮಾಡಿಸಬೇಕು ಎಂಬ ಸಂಪ್ರದಾಯವು ಕರ್ನಾಟಕದ ಎಷ್ಟೋ ಮನೆಗಳಲ್ಲಿ ಇಂದಿಗೂ ನಡೆದುಬಂದಿದ್ದು, ಬಾಯಿಗೆ ಬೆಸುಗೆ ಹಾಕಿದ ಪುಟ್ಟ ತಾಮ್ರದ ತಂಬಿಗೆಯೊಂದು ಹಲವು ವರ್ಷ ದೇವರ ಮನೆಯಲ್ಲಿ ಕಾದು, ಹಿರಿಯರು ತೀರಿಕೊಂಡ ಮೇಲೆ ಮಕ್ಕಳ ಕೈಯಲ್ಲಿ ದ್ವೀಪ ತಲುಪುವುದೂ ಉಂಟು. ಹೀಗೆ ಯಾತ್ರೆಯು ಒಬ್ಬ ವ್ಯಕ್ತಿಯ ಆಯುಷ್ಯಕ್ಕಿಂತ ದೀರ್ಘವಾಗುತ್ತದೆ, ಮತ್ತು ಅದನ್ನು ಮುಗಿಸುವುದು ತೀರಿಹೋದವರ ಸಂಕಲ್ಪವನ್ನು ಸಲ್ಲಿಸುವ ಕೆಲಸವೂ ಆಗುತ್ತದೆ.

ಚೆನ್ನೈನಿಂದ ದ್ವೀಪವು ಒಂದು ರಾತ್ರಿಯ ರೈಲು ಪ್ರಯಾಣದಷ್ಟು ದೂರ. ಈ ಹಾದಿಯಲ್ಲಿ ಒಮ್ಮೆ ಓಡುತ್ತಿದ್ದ ‘ಬೋಟ್ ಮೇಲ್’ ಎಂಬ ಗಾಡಿಯು ಎಗ್ಮೋರಿನಿಂದ ಧನುಷ್ಕೋಟಿಯವರೆಗೆ ಪ್ರಯಾಣಿಕರನ್ನು ಒಯ್ದು, ಅಲ್ಲಿನ ಹಡಗುಕಟ್ಟೆಯಲ್ಲಿ ಇಳಿಸಿ, ಉಗಿಹಡಗಿನ ಮೂಲಕ ಸಿಂಹಳದ ತಲೈಮನ್ನಾರಿಗೆ ದಾಟಿಸುತ್ತಿತ್ತು. ರೈಲಿನ ಹೆಸರಿನಲ್ಲಿರುವ ದೋಣಿಗೆ ಇದೇ ಕಾರಣ. ಬೆಳಗಿನ ಜಾವ ಮಂಡಪಂ ದಾಟುತ್ತಿದ್ದಂತೆ ಒಣಮೀನಿನ ವಾಸನೆಯೂ ಉಪ್ಪುಗಾಳಿಯೂ ಒಟ್ಟಿಗೆ ಡಬ್ಬಿಯೊಳಗೆ ನುಗ್ಗುತ್ತವೆ. ನಿದ್ದೆಯಲ್ಲಿದ್ದವರನ್ನು ಮನೆಯವರು ತಟ್ಟಿ ಎಬ್ಬಿಸುತ್ತಾರೆ. ಗಾಡಿಯ ಎರಡೂ ಕಡೆ ನೆಲ ಮುಗಿದು ನೀರು ಮಾತ್ರ ಉಳಿಯುತ್ತದೆ. 1914ರಲ್ಲಿ ತೆರೆದ ಪಾಂಬನ್ ರೈಲು ಸೇತುವೆ ನೂರು ವರ್ಷಕ್ಕೂ ಮಿಕ್ಕಿ ದುಡಿದು, 2022ರ ಡಿಸೆಂಬರಿನಲ್ಲಿ ಸಂಚಾರ ನಿಲ್ಲಿಸಿತು. 2025ರ ಏಪ್ರಿಲ್ 6ರಂದು ಉದ್ಘಾಟನೆಯಾದ ಹೊಸ ಸೇತುವೆಯಲ್ಲಿ 72.5 ಮೀಟರ್ ಉದ್ದದ ಒಂದು ಅಂಕಣವು ಹಡಗುಗಳಿಗೆ ದಾರಿ ಬಿಡಲು ಲಂಬವಾಗಿ ಮೇಲೇಳುತ್ತದೆ. ರಸ್ತೆಯ ಸೇತುವೆ 1988ರಿಂದ ಇದ್ದರೂ, ದ್ವೀಪವನ್ನು ದ್ವೀಪವೆಂದು ಅರಿಯಬೇಕಾದರೆ ರೈಲಿನಲ್ಲೇ ಬರಬೇಕು ಎನ್ನದೆ ವಿಧಿಯಿಲ್ಲ.

ರಾಮನಾಥಸ್ವಾಮಿ ದೇವಾಲಯದಲ್ಲಿ ಮೊದಲು ಪೂರ್ವದ ಸಮುದ್ರವಾದ ಅಗ್ನಿತೀರ್ಥದಲ್ಲಿ ಮುಳುಗಿ, ಬಳಿಕ ಒದ್ದೆ ಬಟ್ಟೆಯಲ್ಲೇ ಒಳಗಿನ 22 ತೀರ್ಥಗಳಿಗೆ ಹೋಗುವುದು ಕ್ರಮ. ಈ ತೀರ್ಥಗಳಲ್ಲಿ ಹೆಚ್ಚಿನವು ಬಾವಿಗಳಾಗಿದ್ದು, ಕಟ್ಟೆಯ ಮೇಲೆ ನಿಂತವರು ಹಗ್ಗ ಕಟ್ಟಿದ ಬಕೆಟ್ಟಿನಿಂದ ನೀರು ಸೇದಿ ಸಾಲಾಗಿ ಬಂದವರ ತಲೆಯ ಮೇಲೆ ಸುರಿಯುತ್ತಾರೆ. ಆ ನೀರಿನಡಿಯಲ್ಲಿ ಬಿಕಾನೇರ ಮೂಲದ ಮುದುಕಿಗೂ ಧಾರವಾಡದ ಮೇಷ್ಟರಿಗೂ ಮದುರೆಯ ಕೂಲಿಗೂ ಒಂದೇ ಚಳಿ, ಒಂದೇ ನಗು. ಗರ್ಭಗುಡಿಯ ಪೂಜೆಯಲ್ಲಿ ಕನ್ನಡಿಗರು ಗಮನಿಸಬೇಕಾದ ಸಂಗತಿಯೊಂದಿದೆ: ತಮಿಳು ನೆಲದ ಈ ದೇವಾಲಯದ ಅರ್ಚಕರು ಮಹಾರಾಷ್ಟ್ರ ಮೂಲದ ಬ್ರಾಹ್ಮಣರಾಗಿದ್ದು, ಅವರಿಗೆ ಪೂಜೆಯ ಅಧಿಕಾರ ಕೊಡುವ ದೀಕ್ಷೆಯು ತುಂಗಾತೀರದ ಶೃಂಗೇರಿ ಪೀಠದಿಂದ ದೊರೆಯುತ್ತದೆ. ರಾಮನಾಡಿನ ಸೇತುಪತಿಗಳು, ಎಂದರೆ ಸೇತುವಿನ ಕಾವಲನ್ನೇ ಬಿರುದಾಗಿ ಧರಿಸಿದ ಅರಸರು, ಉದ್ದನೆಯ ಪ್ರಾಕಾರಗಳನ್ನು ಕಟ್ಟಿಸಿದರು. ಸ್ಥಳೀಯರ ಮತ್ತು ಪರಸ್ಥಳದವರ ಶ್ರಮ, ಶ್ರದ್ಧೆಗಳಿಂದಲೇ ಈ ಕ್ಷೇತ್ರ ನಿಂತಿದೆ, ಮತ್ತು ಈ ಪರಸ್ಪರ ಅವಲಂಬನೆಯೇ ಅದರ ಪಾವಿತ್ರ್ಯದ ದೊಡ್ಡ ಭಾಗವೆಂದು ಭಾವಿಸಬೇಕು.

ಇದಕ್ಕೆ ಬಲವಾದ ಸಾಕ್ಷ್ಯವು ದೇವಾಲಯದ ಸಮೀಪದ ಮಸೀದಿ ಬೀದಿಯ ಮನೆಯೊಂದರಲ್ಲಿ ಸಿಗುತ್ತದೆ. 1931ರಲ್ಲಿ ಹುಟ್ಟಿ ಆ ಮನೆಯಲ್ಲಿ ಬೆಳೆದ ಎ.ಪಿ.ಜೆ. ಅಬ್ದುಲ್ ಕಲಾಂ ತಮ್ಮ ಆತ್ಮಕಥೆಯಲ್ಲಿ ನೆನೆಯುವಂತೆ, ಅವರ ತಂದೆ ಜೈನುಲಾಬ್ದೀನರು ಯಾತ್ರಿಕರನ್ನು ಧನುಷ್ಕೋಟಿಗೆ ಒಯ್ಯಲು ಮರದ ದೋಣಿಯೊಂದನ್ನು ಕಟ್ಟಿದರು; ಸೀತಾರಾಮ ಕಲ್ಯಾಣೋತ್ಸವದಲ್ಲಿ ಉತ್ಸವಮೂರ್ತಿಗಳನ್ನು ರಾಮತೀರ್ಥದ ನಡುವಿಗೆ ಕೊಂಡೊಯ್ಯುವ ದೋಣಿಗಳನ್ನು ಒದಗಿಸುವುದು ಅವರ ಮನೆತನದ ಹೊಣೆಯಾಗಿತ್ತು; ದೇವಾಲಯದ ಪ್ರಧಾನ ಅರ್ಚಕರಾದ ಪಕ್ಷಿ ಲಕ್ಷ್ಮಣಶಾಸ್ತ್ರಿಗಳು ತಂದೆಯ ಆಪ್ತ ಮಿತ್ರರಾಗಿದ್ದರು. ಸೌಹಾರ್ದ ಎಂಬ ಸವೆದ ಮಾತಿಗಿಂತ ದೋಣಿ ಕಟ್ಟಿದ ಆ ಕೈಗಳು ಹೆಚ್ಚು ಹೇಳುತ್ತವೆ.

ದ್ವೀಪದ ಆಗ್ನೇಯ ತುದಿಯಾದ ಧನುಷ್ಕೋಟಿಯ ಕಡೆಗೆ ಸಾಗುವಾಗ ಯಾತ್ರೆಯ ಸ್ವರೂಪ ಬದಲಾಗುತ್ತದೆ. ಮರಳಿನ ಕಿರಿದಾದ ನಾಲಿಗೆಯ ಒಂದು ಕಡೆ ಬಂಗಾಳ ಕೊಲ್ಲಿ, ಇನ್ನೊಂದು ಕಡೆ ಮನ್ನಾರ್ ಕೊಲ್ಲಿ. ನಡುವೆ ರಸ್ತೆ, ಅದರ ಇಕ್ಕೆಲದಲ್ಲಿ ಚಾವಣಿಯಿಲ್ಲದ ಇಗರ್ಜಿ ಮತ್ತು ರೈಲು ನಿಲ್ದಾಣದ ಅವಶೇಷಗಳು. 1964ರ ಡಿಸೆಂಬರ್ 22ರ ರಾತ್ರಿ ಚಂಡಮಾರುತವೂ ಸಮುದ್ರದ ಉಬ್ಬರವೂ ಒಟ್ಟಿಗೆ ಬಂದು ಈ ಪಟ್ಟಣವನ್ನು ಕೊಚ್ಚಿಹಾಕಿದವು. ಪಾಂಬನ್‌ನಿಂದ ಹೊರಟು ನಿಲ್ದಾಣವನ್ನು ಇನ್ನೇನು ತಲುಪಲಿದ್ದ ಪ್ಯಾಸೆಂಜರ್ ಗಾಡಿಯು ನೂರಕ್ಕೂ ಹೆಚ್ಚು ಜನರೊಂದಿಗೆ ಅಲೆಯಡಿ ಸಿಕ್ಕಿತು. ಮುರಿದ ಪಾಂಬನ್ ಸೇತುವೆಯನ್ನು ರೈಲ್ವೆ ಎಂಜಿನಿಯರ್ ಇ. ಶ್ರೀಧರನ್ ಅವರ ನೇತೃತ್ವದಲ್ಲಿ 46 ದಿನಗಳಲ್ಲಿ ಮತ್ತೆ ನಿಲ್ಲಿಸಲಾಯಿತಾದರೂ, ಧನುಷ್ಕೋಟಿಯನ್ನು ವಾಸಕ್ಕೆ ಯೋಗ್ಯವಲ್ಲವೆಂದು ಸರ್ಕಾರ ಘೋಷಿಸಿತು. ಮೀನುಗಾರರ ಗುಡಿಸಲುಗಳು ಇನ್ನೂ ಇವೆ. ಅವರ ಹೆಂಗಸರು ಕಪ್ಪೆಚಿಪ್ಪಿನ ಸರಗಳನ್ನು ಮಾರುತ್ತಾರೆ. ಪ್ರವಾಸಿ ವಾಹನಗಳು ಅರಿಚಲ್‌ಮುನೈ ಎಂಬ ಕೊನೆಯ ತಿರುವಿಗೆ ಧಾವಿಸಿ, ಛಾಯಾಚಿತ್ರ ಮುಗಿಯುತ್ತಲೇ ಹಿಂದಿರುಗುತ್ತವೆ. ಅಷ್ಟೊಂದು ಜನ ಒಂದೇ ರಾತ್ರಿ ತೀರಿಕೊಂಡ ನೆಲದಲ್ಲಿ ಈ ಆತುರ ಸಲ್ಲದು.

ಸಮುದ್ರವು ಇಲ್ಲಿನ ಜನರನ್ನು ಕೊಂದಿರುವಂತೆಯೇ ಕೂಡಿಸಿಯೂ ಇದೆ. ಪಾಕ್ ಜಲಸಂಧಿಯಲ್ಲಿರುವ, 1974ರ ಒಪ್ಪಂದದಂತೆ ಶ್ರೀಲಂಕೆಗೆ ಸೇರಿದ ಕಚ್ಚತೀವು ಎಂಬ ಪುಟ್ಟ ನಿರ್ಜನ ದ್ವೀಪದಲ್ಲಿ ಸಂತ ಅಂತೋಣಿಯ ಇಗರ್ಜಿಯೊಂದಿದ್ದು, ಪ್ರತಿವರ್ಷ ಫೆಬ್ರವರಿ ಅಥವಾ ಮಾರ್ಚಿನಲ್ಲಿ ನಡೆಯುವ ಹಬ್ಬಕ್ಕೆ ರಾಮೇಶ್ವರದ ದೋಣಿಗಳೂ ಯಾಳ್ಪಾಣದ, ಎಂದರೆ ಜಾಫ್ನಾದ, ಕಡೆಯ ದೋಣಿಗಳೂ ಬರುತ್ತವೆ. ಭಾರತದ ಯಾತ್ರಿಕರು ಇದಕ್ಕಾಗಿ ಪ್ರಯಾಣಪತ್ರ ಪಡೆಯಬೇಕಿಲ್ಲವೆಂದು ಆ ಒಪ್ಪಂದವೇ ಹೇಳಿದೆ. ಶ್ರೀಲಂಕೆಯ ಅಂತರ್ಯುದ್ಧದ ವರ್ಷಗಳಲ್ಲಿ ಈ ಹಬ್ಬಕ್ಕೆ ಅಡ್ಡಿಯಾಗಿತ್ತು. ಮೀನು ಹಿಡಿಯುವ ಹಕ್ಕಿನ ಬಗ್ಗೆ ವರ್ಷವಿಡೀ ಜಗಳವಿರುವ ಎರಡು ತೀರಗಳ ಬೆಸ್ತರು ಹಬ್ಬದ ದಿನಗಳಲ್ಲಿ ಒಂದೇ ಬಲಿಪೂಜೆಯಲ್ಲಿ ಮಂಡಿಯೂರುತ್ತಾರೆ.

ಅಗ್ನಿತೀರ್ಥದ ದಡದಲ್ಲಿ ನಡೆಯುವ ಪಿತೃಕಾರ್ಯದಲ್ಲಿ ಕರ್ತೃವು ತನ್ನ ತಂದೆ, ತಾತ, ಮುತ್ತಾತಂದಿರ ಹೆಸರು ಮತ್ತು ಗೋತ್ರ ಹೇಳಿ ಎಳ್ಳು ನೀರು ಬಿಡುತ್ತಾನೆ; ಹೆಸರು ತಿಳಿಯದವರಿಗೆ ಸ್ಥಳವಿಲ್ಲವೆಂದು ಮೇಲುನೋಟಕ್ಕೆ ತೋರಬಹುದು. ಆದರೆ ತೀರ್ಥಶ್ರಾದ್ಧದಲ್ಲಿ ಧರ್ಮಪಿಂಡವೆಂಬುದೊಂದಿದ್ದು, ಅದು ಸ್ನೇಹಿತರಿಗೆ, ಸೇವಕರಿಗೆ, ದಿಕ್ಕಿಲ್ಲದೆ ಸತ್ತವರಿಗೆ, ಕುಲಗೋತ್ರ ತಿಳಿಯದ ಪರರಿಗೆ ಮೀಸಲು. ಗಂಗೆಯ ತಂಬಿಗೆ ಹಿಡಿದು ಬಂದ ಮನೆಗಳು ಪುರೋಹಿತರನ್ನು ಕೇಳಿ ಆ ಒಂದು ಪಿಂಡವನ್ನು 1964ರ ರೈಲಿನವರನ್ನೂ ಪಟ್ಟಣದವರನ್ನೂ ನೆನೆದು ಇಡಬಹುದು. ಅದಕ್ಕೆ ಹೊಸ ಶಾಸ್ತ್ರವೇನೂ ಬೇಕಿಲ್ಲ, ಸ್ನಾನಕ್ಕೂ ದರ್ಶನಕ್ಕೂ ನಡುವೆ ಕೆಲವು ನಿಮಿಷ ಹೆಚ್ಚು ಕುಳಿತರೆ ಸಾಕು.