ಪಟ್ಟಿಯಲ್ಲಿ ಹೆಸರಿಲ್ಲದ ಮಕ್ಕಳು

ಜೂನ್‌ನಲ್ಲಿ ಶಾಲೆ ಶುರುವಾಗಿ ಮಳೆ ಒಂದು ಹದಕ್ಕೆ ಬರುವಷ್ಟರಲ್ಲಿ ನಮ್ಮ ಸ್ಟಾಫ್ ರೂಮಿಗೆ ಕ್ರೀಡೆಯ ಸುತ್ತೋಲೆಗಳು ಬರಲು ಶುರು. ಉಪಜಿಲ್ಲಾ ಮಟ್ಟದ ಫುಟ್‌ಬಾಲ್, ಇಂಥ ದಿನ, ಇಂಥ ಮೈದಾನ, ಹುಟ್ಟಿದ ದಿನಾಂಕದ ದಾಖಲೆ ತರಬೇಕು ಅಂತ ಒಂದು ಹಾಳೆ. ಅದು ನೋಟೀಸ್ ಬೋರ್ಡಿಗೆ ಬಿದ್ದ ಮೇಲೆ ಮಕ್ಕಳು ಬಿಡುತ್ತಾರಾ ಮಾರಾಯ್ರೇ! ಊಟದ ಹೊತ್ತಿಗೆ ಬಾಗಿಲ ಹತ್ತಿರ ನಿಂತು ಒಂದೇ ಪ್ರಶ್ನೆ: “ಮಾಷ್ಟ್ರೇ, ನನ್ನ ಹೆಸರು ಬರ್ದಿದ್ದೀರಾ?”

ನಾನು ಕನ್ನಡ ಮಾಷ್ಟ್ರು. ಆದರೆ ನಮ್ಮಂಥ ಸಣ್ಣ ಯು.ಪಿ. ಶಾಲೆಗಳಲ್ಲಿ ದೈಹಿಕ ಶಿಕ್ಷಣಕ್ಕೆ ಬೇರೆ ಅಧ್ಯಾಪಕರ ಹುದ್ದೆ ಸಿಗುವುದಿಲ್ಲ, ಮಕ್ಕಳ ಸಂಖ್ಯೆ ಸಾಲುವುದಿಲ್ಲ. ಹಾಗಾಗಿ ಪದ್ಯ ಪಾಠ ಮಾಡುವವನೇ ವಿಸಿಲ್ ಕೂಡಾ ಊದಬೇಕು. ಹೀಗೆ ಊದುತ್ತಾ ಊದುತ್ತಾ ಈ ‘ಸೆಲೆಕ್ಷನ್’ ಎಂಬ ವ್ಯವಹಾರವನ್ನು ಹತ್ತಿರದಿಂದ ನೋಡಿದ್ದೇನೆ. ಹೆತ್ತವರು ಕೇಳುವ ಪ್ರಶ್ನೆಗಳಿಗೆ ಒಮ್ಮೆ ಕೂತು ಬರೆದುಬಿಡೋಣ ಅನ್ನಿಸಿತು.

ಮೊದಲು ನಮ್ಮ ಕೇರಳದ ಕ್ರಮ. ಕಾಸರಗೋಡು ಜಿಲ್ಲೆಯಲ್ಲಿ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ 7 ಉಪಜಿಲ್ಲೆಗಳು. ಮಂಜೇಶ್ವರ, ಕುಂಬಳೆ, ಕಾಸರಗೋಡು, ಬೇಕಲ, ಹೊಸದುರ್ಗ, ಚೆರುವತ್ತೂರು, ಚಿತ್ತಾರಿಕ್ಕಲ್. ನಮ್ಮ ಕನ್ನಡ ಶಾಲೆಗಳು ಹೆಚ್ಚಾಗಿ ಮೊದಲಿನ ಮೂರರಲ್ಲಿ. ವಯಸ್ಸಿನಲ್ಲಿ ಮೂರು ವಿಭಾಗ: 14ರೊಳಗೆ ಸಬ್ ಜೂನಿಯರ್, 17ರೊಳಗೆ ಜೂನಿಯರ್, 19ರೊಳಗೆ ಸೀನಿಯರ್. ಉಪಜಿಲ್ಲೆಯಲ್ಲಿ ಆರಿಸಿ ಒಂದು ತಂಡ, ಅಂಥ ತಂಡಗಳಿಂದ ಜಿಲ್ಲೆಗೆ ಒಂದು ತಂಡ, ಜಿಲ್ಲೆಯಿಂದ ರಾಜ್ಯ. ಅಂದರೆ ಏಣಿ ಮೇಲೆ ಹೋದ ಹಾಗೆ ಕಿರಿದಾಗುತ್ತದೆ. ನಮ್ಮ ಶಾಲೆಯ ಏಳನೆಯ ತರಗತಿಯ ಹುಡುಗ ಸಬ್ ಜೂನಿಯರಿಗೆ ಹೋದರೆ ಅಲ್ಲಿ ಹೈಸ್ಕೂಲಿನ ಎಂಟನೆಯ ಕ್ಲಾಸಿನವರೂ ಇರುತ್ತಾರೆ. ಮೀಸೆ ಚಿಗುರಿದವರ ನಡುವೆ ನಮ್ಮ ಹುಡುಗ ಅಡಿಕೆ ಸಸಿಯ ಹಾಗೆ ಕಾಣುತ್ತಾನೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಅಮೆರಿಕದಲ್ಲಿ ಇದ್ದಾನೆ. ಊರಿಗೆ ಬಂದಾಗ ಮನೆಗೆ ಬಂದು ಮಾತಾಡಿ ಹೋಗುವ ಅಭ್ಯಾಸ ಉಂಟು. ಅವನ ಮಗಳು ಅಲ್ಲಿ ಕ್ಲಬ್ಬಿನಲ್ಲಿ ಫುಟ್‌ಬಾಲ್ ಆಡುತ್ತಾಳೆ. ಅಲ್ಲಿ ಅದಕ್ಕೆ ‘ಸಾಕರ್’ ಅನ್ನುವುದು. ವರ್ಷ ವರ್ಷವೂ ‘ಟ್ರೈಔಟ್’ ಅಂತೆ. “ಕಳೆದ ವರ್ಷ ತಂಡದಲ್ಲಿದ್ದಳು ಅಂತ ಈ ವರ್ಷ ಜಾಗ ಕಾಯುವುದಿಲ್ಲ ಮಾಷ್ಟ್ರೇ, ಪುನಃ ಎಲ್ಲರ ಜೊತೆ ಆಡಿ ತೋರಿಸ್ಬೇಕು” ಅಂದ. ಎದೆಗೆ ನಂಬರ್ ಅಂಟಿಸಿಕೊಂಡು ಎರಡು ಮೂರು ದಿನ ಸಂಜೆ ಆಡುವುದು. ಮೈದಾನದ ಅಂಚಿನಲ್ಲಿ ತರಬೇತುದಾರರು ಹಲಗೆ ಹಿಡಿದು ನಂಬರಿನ ಎದುರು ಬರೆದುಕೊಳ್ಳುವುದು. ದೊಡ್ಡ ಕ್ಲಬ್ಬಾದರೆ ಒಂದೇ ವಯಸ್ಸಿಗೆ ಎರಡು, ಮೂರು ತಂಡ. ಮೊದಲನೆಯದು, ಎರಡನೆಯದು ಅನ್ನುವ ಬದಲು ಬಣ್ಣದ ಹೆಸರು ಇಡುತ್ತಾರಂತೆ. “ಬಣ್ಣ ಯಾವುದಾದ್ರೂ ಯಾವುದು ಮೇಲೆ, ಯಾವುದು ಕೆಳಗೆ ಅಂತ ಎಂಟು ವರ್ಷದ ಮಕ್ಕಳಿಗೂ ಗೊತ್ತು” ಎಂದು ನಕ್ಕ. ಆಮೇಲೆ ಇ-ಮೇಲ್ ಬರುತ್ತದೆ. ಒಂದೆರಡು ದಿನದೊಳಗೆ ಒಪ್ಪಿಗೆ ಹೇಳಿ ಮುಂಗಡ ಕಟ್ಟಬೇಕು, ಇಲ್ಲದಿದ್ದರೆ ಜಾಗ ಮುಂದಿನವರಿಗೆ. ವರ್ಷದ ಶುಲ್ಕ ಕೇಳಿ ನನಗೆ ಚಹಾ ನೆತ್ತಿಗೆ ಹತ್ತಿತು. ನಮ್ಮಲ್ಲಿ ಅಷ್ಟರ ಮಟ್ಟಿಗೆ ಪುಣ್ಯ, ಆಯ್ಕೆಗೆ ಬಸ್ ಚಾರ್ಜು ಮಾತ್ರ. ಆದರೆ ಒಂದು ಮಾತುಂಟು. ಅಲ್ಲಿ ಮೊದಲ ತಂಡಕ್ಕೆ ಸಿಗದ ಮಗುವಿಗೆ ಎರಡನೆಯ ತಂಡವಾದರೂ ಉಂಟು, ವರ್ಷವಿಡೀ ಆಟ ಉಂಟು. ನಮ್ಮಲ್ಲಿ ಪಟ್ಟಿಯಲ್ಲಿ ಇಲ್ಲ ಅಂದರೆ ಆ ವರ್ಷಕ್ಕೆ ಮುಗಿಯಿತು.

ಅಲ್ಲಿಯ ಇನ್ನೊಂದು ಕ್ರಮ ನನಗೆ ಹಿಡಿಸಿತು. ಸಣ್ಣ ಮಕ್ಕಳನ್ನು ದೊಡ್ಡ ಮೈದಾನಕ್ಕೆ ಇಳಿಸುವುದಿಲ್ಲ. ಎಂಟು ವರ್ಷದೊಳಗಿನವರು ಕಡೆಗೆ ನಾಲ್ಕು ಜನ, ಹತ್ತರೊಳಗಿನವರು ಏಳು, ಹನ್ನೆರಡರೊಳಗಿನವರು ಒಂಬತ್ತು. ಹನ್ನೊಂದು ಜನರ ಆಟ ಅದರ ನಂತರವೇ. 2017ರ ಆಗಸ್ಟ್‌ನಿಂದ ಇದು ಅಲ್ಲಿ ನಿಯಮ. ಕಾರಣ ಸರಳ. ಜನ ಕಡಿಮೆ ಇದ್ದಷ್ಟೂ ಒಂದೊಂದು ಮಗುವಿನ ಕಾಲಿಗೆ ಚೆಂಡು ಹೆಚ್ಚು ಸಲ ಬರುತ್ತದೆ. ನಮ್ಮ ಮಲಬಾರಿನ ‘ಸೆವೆನ್ಸ್’ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಯ್ಲಾದ ಗದ್ದೆಯಲ್ಲಿ ಏಳು ಏಳು ಜನ ಆಡುವಾಗ ಯಾರೂ ಸುಮ್ಮನೆ ನಿಂತಿರಲು ಆಗುವುದಿಲ್ಲ. ಆಯ್ಕೆಯ ದಿನ 22 ಮಕ್ಕಳನ್ನು ಒಟ್ಟಿಗೆ ಬಿಟ್ಟು ಹದಿನೈದು ನಿಮಿಷ ಆಡಿಸಿದರೆ ಮೂಲೆಯಲ್ಲಿ ನಿಂತ ಮಗುವಿಗೆ ಎರಡು ಸಲ ಚೆಂಡು ಸಿಕ್ಕಿದರೆ ದೊಡ್ಡದು. ಅದರಲ್ಲೂ ಒಂದೇ ಊರಿನ ನಾಲ್ಕೈದು ಹುಡುಗರು ಒಂದೇ ಕಡೆ ಬಿದ್ದರೆ ಅವರವರೇ ಪಾಸ್ ಕೊಟ್ಟುಕೊಳ್ಳುತ್ತಾರೆ. ಅದು ಮೋಸ ಅಲ್ಲ, ಅಭ್ಯಾಸ. ಆದರೆ ಅಪರಿಚಿತ ಮಗುವಿನ ಪಾಲಿಗೆ ಎರಡೂ ಒಂದೇ.

ಇನ್ನು ವಯಸ್ಸಿನ ಗೆರೆ. ಇದು ಹೆತ್ತವರಿಗೆ ಗೊತ್ತಿರಲೇಬೇಕು. ಎಲ್ಲಿಯಾದರೂ ಒಂದು ದಿನಾಂಕಕ್ಕೆ ಗೆರೆ ಎಳೆಯಲೇಬೇಕಲ್ಲ? ಫಿಫಾದ್ದು ಜನವರಿ 1. 2017ರಲ್ಲಿ ನಮ್ಮ ದೇಶದಲ್ಲಿ 17ರೊಳಗಿನವರ ವಿಶ್ವಕಪ್ ಆಯಿತು, ಕೊಚ್ಚಿಯಲ್ಲೂ ಪಂದ್ಯಗಳಿದ್ದವು. ಅದಕ್ಕೆ 2000ದ ಜನವರಿ 1ರಂದು ಅಥವಾ ಅನಂತರ ಹುಟ್ಟಿದವರು ಮಾತ್ರ. ಈಗ ಯೋಚಿಸಿ, ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರಿನಲ್ಲಿ ಹುಟ್ಟಿದವನೂ ಒಂದೇ ವಿಭಾಗ. ದೊಡ್ಡವರಿಗೆ ಹನ್ನೊಂದು ತಿಂಗಳು ಏನೂ ಅಲ್ಲ. ಹನ್ನೆರಡು ವರ್ಷದ ಮಗುವಿಗೆ ಅದು ಒಂದು ಗೇಣು ಎತ್ತರ, ಎರಡು ಹೆಜ್ಜೆ ವೇಗ. ಕೆನಡಾದ ಸಂಶೋಧಕರು 1985ರಲ್ಲಿ ಅಲ್ಲಿನ ಐಸ್ ಹಾಕಿ ಆಟಗಾರರ ಹುಟ್ಟಿದ ತಿಂಗಳುಗಳನ್ನು ಜೋಡಿಸಿ ನೋಡಿದಾಗ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚು ಕಂಡರು. ಆಮೇಲೆ ಫುಟ್‌ಬಾಲಿನಲ್ಲೂ ಇದೇ ಕಂಡಿತು. ದೊಡ್ಡದಾಗಿ ಕಂಡವನನ್ನು ಆರಿಸುತ್ತಾರೆ, ಆರಿಸಿದವನಿಗೆ ತರಬೇತಿ ಸಿಗುತ್ತದೆ, ತರಬೇತಿ ಸಿಕ್ಕಿದವನು ಮುಂದಿನ ವರ್ಷ ನಿಜವಾಗಿಯೂ ಒಳ್ಳೆಯ ಆಟಗಾರ ಆಗಿರುತ್ತಾನೆ. ಸುರುವಿಗೆ ಇದ್ದದ್ದು ತಿಂಗಳಿನ ವ್ಯತ್ಯಾಸ ಮಾತ್ರ!

ಗೆರೆಯನ್ನು ಸರಿಸಿದರೂ ತೊಂದರೆ ಹೋಗುವುದಿಲ್ಲ, ಬೇರೆ ಮಕ್ಕಳ ತಲೆಗೆ ಬರುತ್ತದೆ ಅಷ್ಟೆ. ಅಮೆರಿಕದಲ್ಲಿ 2017ರಿಂದ ಜನವರಿಯ ಲೆಕ್ಕ ತಂದರು. ಆಗ ಒಂದೇ ಕ್ಲಾಸಿನ ಗೆಳೆಯರು ಬೇರೆ ಬೇರೆ ತಂಡಕ್ಕೆ ಹೋದರು. ವರ್ಷದ ಕೊನೆಗೆ ಹುಟ್ಟಿದ ಮಕ್ಕಳ ಜೊತೆಗಾರರು ಹೈಸ್ಕೂಲಿಗೆ ಹೋಗಿ ಅಲ್ಲಿನ ತಂಡ ಸೇರಿದಾಗ ಇವರಿಗೆ ಆಡಲು ತಂಡವೇ ಇಲ್ಲದ ಹಾಗಾಯಿತು. ಕೊನೆಗೆ 2026-27ರ ಸಾಲಿನಿಂದ ಆಗಸ್ಟ್ 1ರ ಲೆಕ್ಕಕ್ಕೆ ಹೋಗುವುದೆಂದು ಅಲ್ಲಿನ ಮುಖ್ಯ ಸಂಸ್ಥೆಗಳು 2025ರಲ್ಲಿ ತೀರ್ಮಾನಿಸಿದವು. ಆದ್ದರಿಂದ ನಿಮ್ಮ ಮಗ ನವೆಂಬರಿನವನೋ ಡಿಸೆಂಬರಿನವನೋ ಆಗಿದ್ದು ಈ ವರ್ಷ ಪಟ್ಟಿಯಲ್ಲಿ ಇಲ್ಲದಿದ್ದರೆ, “ಇವನಿಗೆ ಆಟ ಆಗದು” ಎಂದು ಅವಸರದಲ್ಲಿ ಹೇಳಿಬಿಡಬೇಡಿ. ಹಾಗೆಯೇ, ಶಾಲೆಗೆ ಸೇರಿಸುವಾಗ ಹುಟ್ಟಿದ ದಿನಾಂಕವನ್ನು ಹಿಂದೆ ಮುಂದೆ ಮಾಡುವ ಬುದ್ಧಿಯೂ ಬೇಡ. 2009ರಿಂದ ಫಿಫಾ ಆ ವಯೋಮಾನದ ವಿಶ್ವಕಪ್‌ನಲ್ಲಿ ಮಣಿಕಟ್ಟಿನ ಎಂ.ಆರ್.ಐ. ತೆಗೆದೇ ನೋಡುತ್ತದೆ. ಎಲುಬು ಸುಳ್ಳು ಹೇಳುವುದಿಲ್ಲ.

ಇಷ್ಟೆಲ್ಲ ಎಲ್ಲ ಕಡೆಯ ಮಕ್ಕಳಿಗೂ ಇರುವ ಕಷ್ಟ. ನಮ್ಮ ಮಕ್ಕಳಿಗೆ ಮಾತ್ರ ಇರುವ ಒಂದು ಕಷ್ಟ ಬೇರೆಯೇ ಉಂಟು. ಅದನ್ನು ಹೇಳಲಿಕ್ಕೇ ಇದನ್ನು ಬರೆಯಲು ಕೂತದ್ದು.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಏಳನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಕರ್ನಾಟಕದ ಗಡಿಗೆ ತಾಗಿದ ಒಳ ಊರಿನವನು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಅಪ್ಪನಿಗೆ ಅಡಿಕೆ ಮರ ಹತ್ತುವ ಕೆಲಸ. ಪೇಟೆಯ ಮಕ್ಕಳಾದರೆ ಆಡಿ ಆಡಿ ಮಲಯಾಳ ಕಲಿತಿರುತ್ತಾರೆ, ಇವನಿಗೆ ಆ ಅವಕಾಶ ಇರಲಿಲ್ಲ. ಆದರೆ ಕಾಲಲ್ಲಿ ಚೆಂಡು ಸಿಕ್ಕಿದರೆ ಯಾರಿಂದಲೂ ಕಸಿಯಲು ಆಗುತ್ತಿರಲಿಲ್ಲ. ಆಯ್ಕೆಗೆ ಕರೆದುಕೊಂಡು ಹೋದೆ. ಬಲ ಬದಿಯಲ್ಲಿ ಆಡಲು ಬಿಟ್ಟರು. ಗೆರೆಯ ಹೊರಗಿನಿಂದ ಆರಿಸುವವರು “ಪುರಗೋಟ್ಟ್! ಪುರಗೋಟ್ಟ್!” ಎಂದು ಕೂಗಿದರು. ಇವನು ಮುಂದಕ್ಕೆ ಓಡಿದ. ಪುನಃ ಕೂಗಿದರು. ಇವನು ಇನ್ನೂ ಜೋರಾಗಿ ಮುಂದಕ್ಕೆ ಓಡಿದ. ಅವರು ಕಾಗದದಲ್ಲಿ ಏನೋ ಬರೆದುಕೊಂಡರು. ಸಂಜೆ ಹೆಸರುಗಳನ್ನು ಓದಿದಾಗ ಅವನ ಹೆಸರು ಇರಲಿಲ್ಲ.

ಬಸ್ಸಿನಲ್ಲಿ ಅವನು ಅಳಲಿಲ್ಲ. ತುಂಬ ಹೊತ್ತು ಕಿಟಕಿಯ ಹೊರಗೆ ನೋಡುತ್ತಾ ಕೂತವನು ಮೆಲ್ಲಗೆ ಕೇಳಿದ, “ಮಾಷ್ಟ್ರೇ, ಪುರಗೋಟ್ಟ್ ಅಂದ್ರೆ ಎಂತ?”

“ಹಿಂದಕ್ಕೆ” ಅಂದೆ.

“ಓ... ಹಾಗಾದ್ರೆ ಹೋಗ್ತಿದ್ದೆ.”

ಆರಿಸಿದವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಹುಡುಗನ ಭಾಷೆ ನೋಡಿ ಬಿಟ್ಟವರಲ್ಲ. ಹೇಳಿದ ಮಾತು ಕೇಳದ ಹುಡುಗ ಅಂತ ತಿಳಿದುಕೊಂಡರು. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ತಿಳಿಯುತ್ತಿದ್ದೆನೇನೋ. ಆದರೆ ಪಿ.ಎಸ್.ಸಿ. ಪರೀಕ್ಷೆಗೆ, ಅರ್ಜಿ ಫಾರಮಿಗೆ, ಪಠ್ಯಪುಸ್ತಕಕ್ಕೆ ಕನ್ನಡ ಬೇಕು ಎಂದು ಸಭೆ ಮಾಡುವ ನಾವು, ಒಂದು ಮೈದಾನದಲ್ಲಿ ಒಂದು ಶಬ್ದ ಗೊತ್ತಿಲ್ಲದ್ದಕ್ಕೆ ಮಗು ಹೊರಗುಳಿಯುತ್ತದೆ ಅಂತ ಯೋಚಿಸುವುದೇ ಇಲ್ಲ. ಅರ್ಜಿ ಹಾಕಿ ಅದನ್ನು ಸರಿಪಡಿಸಲೂ ಆಗದು. ಆ ಹದಿನೈದು ನಿಮಿಷ ಪುನಃ ಬರುವುದಿಲ್ಲ.

ಮುಂದಿನ ವಾರವೇ ಎರಡು ಕೆಲಸ ಮಾಡಿದೆ. ಕ್ಲಾಸಿನ ಕರಿಹಲಗೆಯಲ್ಲಿ ಕನ್ನಡ, ತುಳು, ಮಲಯಾಳ ಮೂರರಲ್ಲೂ ಮೈದಾನದ ಮಾತುಗಳನ್ನು ಬರೆಸಿದೆ. ಎಡಕ್ಕೆ, ಬಲಕ್ಕೆ, ಮುಂದೆ, ಹಿಂದೆ, ಬಿಡು, ನಿಲ್ಲು, ಮಾರ್ಕ್ ಮಾಡು... ಎಲ್ಲ ಸೇರಿ ಇಪ್ಪತ್ತು ದಾಟಲಿಲ್ಲ. ಎರಡು ದಿನದಲ್ಲಿ ಮಕ್ಕಳಿಗೆ ಬಾಯಿಪಾಠ. ಕನ್ನಡ ಪಿರಿಯಡಿನಲ್ಲಿ ಮಲಯಾಳ ಬರೆಸುತ್ತೀರಾ ಎಂದು ಸಹೋದ್ಯೋಗಿಯೊಬ್ಬರು ತಮಾಷೆ ಮಾಡಿದರು. ನೆರೆಯ ಭಾಷೆ ಕಲಿತರೆ ನಮ್ಮ ಭಾಷೆ ಸವೆಯುವುದಿಲ್ಲ ಮಾರಾಯ್ರೇ, ಗಡಿನಾಡಿನವರಾದ ನಮಗೆ ಅದು ಗೊತ್ತಿಲ್ಲದಿದ್ದರೆ ಇನ್ಯಾರಿಗೆ ಗೊತ್ತಿರಬೇಕು? ಎರಡನೆಯದು, ಆಯ್ಕೆ ನಡೆಸುವವರಲ್ಲಿ ಹೋಗಿ ವಿಷಯ ಹೇಳಿದೆ. ಮರುವರ್ಷ ಗೆರೆಯ ಬಳಿ ಕನ್ನಡ ಬಲ್ಲ ಮಾಷ್ಟ್ರೊಬ್ಬರನ್ನೂ ನಿಲ್ಲಿಸಿದರು. ಕೇಳಿದರೆ ಕೊಡುತ್ತಾರೆ, ಕೇಳಬೇಕು ಅಷ್ಟೆ.

ಆ ಹುಡುಗ ಏನಾದ ಅಂತ ಕೇಳುತ್ತೀರಿ. ದೊಡ್ಡ ಕಥೆ ಏನಿಲ್ಲ. ನಮ್ಮ ಜಿಲ್ಲೆಯದೇ ತ್ರಿಕ್ಕರಿಪುರದ ಮುಹಮ್ಮದ್ ರಾಫಿ 2016ರ ಐ.ಎಸ್.ಎಲ್. ಫೈನಲಿನಲ್ಲಿ ಕೇರಳ ಬ್ಲಾಸ್ಟರ್ಸ್‌ಗೆ ಗೋಲು ಹೊಡೆದವರು. ಎಲ್ಲರೂ ಹಾಗಾಗುವುದಿಲ್ಲ. ಇವನು ಹೈಸ್ಕೂಲಿಗೆ ಹೋಗಿ ಶಾಲೆಯ ತಂಡದಲ್ಲಿ ಆಡಿದ, ಜಿಲ್ಲೆಯ ತಂಡಕ್ಕೆ ಬರಲೇ ಇಲ್ಲ. ಈಗ ಕೆಲಸಕ್ಕೆ ಹೋಗುತ್ತಾನೆ, ಆದಿತ್ಯವಾರ ಊರಿನ ಮಕ್ಕಳನ್ನು ಸೇರಿಸಿ ಆಡಿಸುತ್ತಾನೆ. ಅವನು ಆಡಿಸುವುದು ಏಳು ಏಳು ಜನರ ಆಟ, ಕೂಗುವುದು ಮೂರೂ ಭಾಷೆಯಲ್ಲಿ. ಬಂದ ಮಕ್ಕಳಲ್ಲಿ ಯಾರನ್ನೂ ಹೊರಗೆ ಕೂರಿಸುವುದಿಲ್ಲ.

ಹೆತ್ತವರಿಗೆ ಒಂದೆರಡು ಮಾತು ಹೇಳಿ ಮುಗಿಸುತ್ತೇನೆ. ಆಯ್ಕೆಗೆ ಮುಂಚೆ ಮಗುವಿಗೆ ಆಡಲು ಇಷ್ಟವಾದ ಜಾಗ ಯಾವುದು ಎಂದು ಕೇಳಿ ಮಾಷ್ಟ್ರಿಗೆ ತಿಳಿಸಿ. ಆಯ್ಕೆ ಆಗದಿದ್ದರೆ ಅದೇ ದಿನ ಪಕ್ಕದ ಮನೆಯವನ ಜೊತೆ ಹೋಲಿಸಬೇಡಿ. ಒಂದು ವಾರ ಬಿಟ್ಟು ಯಾವುದರಲ್ಲಿ ಹಿಂದೆ ಬಿದ್ದ ಎಂದು ಆರಿಸಿದವರನ್ನೇ ಕೇಳಿ, ಹೆಚ್ಚಿನವರು ಹೇಳುತ್ತಾರೆ. ಇನ್ನು ಅದೋನಿ, ತಾಳವಾಡಿ, ಅಕ್ಕಲಕೋಟೆ, ಜತ್ತದ ಕಡೆಯ ಕನ್ನಡ ಶಾಲೆಗಳ ಅಧ್ಯಾಪಕರು ಇದನ್ನು ಓದುತ್ತಿದ್ದರೆ, ನಿಮ್ಮ ಮೈದಾನದಲ್ಲಿ ಮಕ್ಕಳಿಗೆ ಅರ್ಥವಾಗದ ಶಬ್ದ ಯಾವುದು ಎಂದು ಒಮ್ಮೆ ಅವರನ್ನೇ ಕೇಳಿ ನೋಡಿ. ಖೋಖೋ ಇರಲಿ, ಕಬಡ್ಡಿ ಇರಲಿ, ಅಂಥ ಒಂದು ಶಬ್ದ ಇದ್ದೇ ಇರುತ್ತದೆ. ಸುತ್ತೋಲೆ ಬರುವ ಮೊದಲೇ ಅದನ್ನು ಕಲಿಸಿಬಿಡೋಣ.