ಹೊಸಹೊಳಲಿನ ದಾರಿಯಲ್ಲಿ ಸಿಕ್ಕ ಟಕ್ ಟಕ್ ಸದ್ದು

ಬೇಲೂರು, ಹಳೇಬೀಡು, ಸೋಮನಾಥಪುರ ಎಲ್ಲರಿಗೂ ಗೊತ್ತು. 2023ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದವು. ಆದರೆ ಆಫೀಸಿನಲ್ಲಿ "ಹೊಸಹೊಳಲು ನೋಡಿದ್ದೀರಾ?" ಅಂತ ಕೇಳಿ ನೋಡಿ. "ಎಲ್ಲಿದೆ ಅದು?" ಅನ್ನೋರೇ ಜಾಸ್ತಿ. ಕೆ.ಆರ್.ಪೇಟೆಗೆ ಅಂಟಿಕೊಂಡಂತೆ ಇರುವ ಊರು. ಅಲ್ಲಿನ ಲಕ್ಷ್ಮೀನಾರಾಯಣ ದೇವಸ್ಥಾನ ತೋರಿಸು ಅಂತ ಅಪ್ಪ ಎರಡು ವರ್ಷದಿಂದ ಹೇಳುತ್ತಿದ್ದರು. ಕೊನೆಗೂ ಒಂದು ಶನಿವಾರ ಅಪ್ಪ, ಅಮ್ಮನ ಜೊತೆ ಬೆಂಗಳೂರಿನಿಂದ ಹೊರಟೆ.

ಕಾರು ಸೆಕೆಂಡ್ ಹ್ಯಾಂಡ್ ಡೀಸೆಲ್. ಒಂಬತ್ತು ವರ್ಷದ್ದು, ಓಡಿದ್ದು 94,000 ಕಿ.ಮೀ. ಶ್ರೀರಂಗಪಟ್ಟಣದಲ್ಲಿ ತಿಂಡಿ ಮುಗಿಸಿ, ಪಾಂಡವಪುರ ದಾಟಿ, ಕಬ್ಬಿನ ಗದ್ದೆಗಳ ನಡುವೆ ಆರಾಮಾಗಿ ಹೋಗುತ್ತಿದ್ದೆವು. ಕೆ.ಆರ್.ಪೇಟೆಯಲ್ಲಿ ಟೀ ಕುಡಿದು ಮತ್ತೆ ಸ್ಟಾರ್ಟ್ ಮಾಡಿದಾಗ ಎಂಜಿನ್ ಸ್ವಲ್ಪ ತಡವರಿಸಿತು. ಆಮೇಲೆ ಸಣ್ಣಗೆ ಟಕ್ ಟಕ್ ಸದ್ದು.

"ಡೀಸೆಲ್ ಗಾಡಿ ಹಾಗೇ ಅಪ್ಪಾ" ಅಂದೆ.

"ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಿದ್ದು?" ಅಂತ ಅಪ್ಪ ಕೇಳಿದರು. ಕಾರು ಕೊಂಡ ದಿನವೂ ಇದನ್ನೇ ಕೇಳಿದ್ದರು. ಆಗಲೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಹಳೆಯ ಸರ್ವಿಸ್ ಪುಸ್ತಕ ಕಾರಿನ ಜೊತೆ ಬಂದಿರಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಯಾವ ಲೈಟೂ ಹತ್ತಿಲ್ಲ ಅಂದರೆ ಎಲ್ಲ ಸರಿಯಿದೆ ಅಂತ ನಂಬಿಕೊಂಡು ಓಡಿಸುತ್ತಿದ್ದೆ.

ಬೈಪಾಸ್ ಪಕ್ಕದ ಸಣ್ಣ ಗ್ಯಾರೇಜಿಗೆ ಹೋದೆವು. ಮೆಕ್ಯಾನಿಕ್ ಬಾನೆಟ್ ಎತ್ತಿ, ಎಂಜಿನ್ ಬದಿಯ ಪ್ಲಾಸ್ಟಿಕ್ ಕವರ್ ಬಿಚ್ಚಿ ಟಾರ್ಚ್ ಬಿಟ್ಟರು. "ನೀವೇ ನೋಡಿ ಸಾರ್."

ಬೆಲ್ಟಿನ ಹಲ್ಲುಗಳ ಬುಡದಲ್ಲಿ ಬಿರುಕು. ಒಂದು ಅಂಚು ನೂಲು ನೂಲಾಗಿ ಬಿಚ್ಚಿಕೊಂಡಿತ್ತು. ಬೆನ್ನಿನ ಭಾಗ ಸವೆದು ಹೊಳೆಯುತ್ತಿತ್ತು. ಮೇಲಿನ ಆಯಿಲ್ ಸೀಲ್ ಸೋರಿ ರಬ್ಬರಿಗೆ ಎಣ್ಣೆ ಹಿಡಿದಿತ್ತು.

"ಹಿಂಗೇ ಬೆಂಗ್ಳೂರ್ಗೆ ಹೋದ್ರೆ?" ಅಂದೆ.

"ಹೋದ್ರೂ ಹೋಗ್ಬೋದು ಕಣ್ ಸಾರ್. ಹೈವೇಲಿ ಕಿತ್ತೋದ್ರೆ ಗಾಡಿ ಅಲ್ಲೇ ಆಫು. ಹಿಂದೆ ಲಾರಿ ಬತ್ತಾ ಇದ್ರೆ?"

ಹಿಂದಿನ ಸೀಟಿನಲ್ಲಿ ಅಮ್ಮ ಕೂತಿದ್ದರು. ಮತ್ತೆ ನಾನು ಮಾತಾಡಲಿಲ್ಲ.

ವಿಷಯ ಇಷ್ಟೇ. ಎಂಜಿನ್ ಕೆಳಗಡೆ ಪಿಸ್ಟನ್‌ಗಳ ಕ್ರ್ಯಾಂಕ್‌ಶಾಫ್ಟ್, ಮೇಲ್ಗಡೆ ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್. ಕ್ರ್ಯಾಂಕ್ ಎರಡು ಸುತ್ತು ಬಂದರೆ ಕ್ಯಾಮ್ ಒಂದು ಸುತ್ತು ಬರಬೇಕು. ಈ ಲೆಕ್ಕ ತಪ್ಪದ ಹಾಗೆ ಎರಡನ್ನೂ ಹಿಡಿದಿಡುವುದೇ ಹಲ್ಲುಗಳಿರುವ ಆ ರಬ್ಬರ್ ಬೆಲ್ಟ್. ಅದು ಕಿತ್ತರೆ ಅಥವಾ ಹಲ್ಲು ಜಾರಿದರೆ, ಎಷ್ಟೋ ಎಂಜಿನ್‌ಗಳಲ್ಲಿ ಮೇಲೆ ಬರುವ ಪಿಸ್ಟನ್ ತೆರೆದ ವಾಲ್ವಿಗೆ ಗುದ್ದುತ್ತದೆ. ವಾಲ್ವ್ ಬಾಗುತ್ತದೆ, ಎಂಜಿನ್ ಬಿಚ್ಚಬೇಕಾಗುತ್ತದೆ. ಕಿತ್ತ ಮೇಲೆ ಮತ್ತೆ ಮತ್ತೆ ಸೆಲ್ಫ್ ಹೊಡೆದರೆ ಹಾಳಾಗುವುದು ಇನ್ನೂ ಜಾಸ್ತಿ.

ಬೆಲ್ಟ್ ಕಿಟ್ ಕೆ.ಆರ್.ಪೇಟೆಯಲ್ಲಿ ಸಿಗಲಿಲ್ಲ. ಮೆಕ್ಯಾನಿಕ್ ಮೈಸೂರಿಗೆ ಫೋನ್ ಮಾಡಿದರು, ಅಂಗಡಿಯವರು ಬಸ್ಸಿನಲ್ಲಿ ಕಳಿಸುತ್ತೇವೆ ಅಂದರು. "ಅಲ್ಲೀಗಂಟ ದೇವಸ್ಥಾನ ನೋಡ್ಕೊಂಡ್ ಬನ್ನಿ" ಅಂತ ಅವರೇ ಆಟೋ ಹತ್ತಿಸಿದರು.

ದೇವಸ್ಥಾನ ಸುಮಾರು 1250ರದ್ದು, ಹೊಯ್ಸಳ ವೀರ ಸೋಮೇಶ್ವರನ ಕಾಲ. ಜಗತಿಯ ಮೇಲೆ ನಿಂತು ಗೋಡೆಯ ಬುಡ ನೋಡಿದರೆ ಸಾಲು ಸಾಲು ಪಟ್ಟಿಕೆ: ಆನೆ, ಕುದುರೆ ಸವಾರರು, ಬಳ್ಳಿ, ರಾಮಾಯಣ ಮಹಾಭಾರತದ ಕಥೆ, ಮಕರ, ಹಂಸ. ಹೊರಗಿನಿಂದ ಕಾಣುವುದು ಒಂದೇ ಶಿಖರ. ಒಳಗೆ ಹೋದರೆ ಮೂರು ಗರ್ಭಗುಡಿ: ನಾರಾಯಣ, ವೇಣುಗೋಪಾಲ, ಲಕ್ಷ್ಮೀನರಸಿಂಹ. ನವರಂಗದಲ್ಲಿ ಯಂತ್ರದಲ್ಲಿ ಕಡೆದಂಥ ನುಣುಪು ಕಂಬಗಳು. ಅಮ್ಮ ಒಂದು ಕಂಬದ ಬಳೆಗಳನ್ನು ಬೆರಳಲ್ಲಿ ಎಣಿಸುತ್ತಾ ನಿಂತುಬಿಟ್ಟರು. ಅಪ್ಪ ಕಥೆಯ ಪಟ್ಟಿಕೆಯನ್ನು ಓದುತ್ತಾ ದೇವಸ್ಥಾನವನ್ನು ಎರಡು ಸುತ್ತು ಹಾಕಿದರು. ಕಾರು ಸರಿಯಿದ್ದಿದ್ದರೆ ಅರ್ಧ ಗಂಟೆಯಲ್ಲಿ ಫೋಟೋ ತೆಗೆದು ಹೊರಡಿಸಿರುತ್ತಿದ್ದೆ. ಅವತ್ತು ಮೂರು ಗಂಟೆ ಇದ್ದೆವು.

ವಾಪಸ್ ಬಂದಾಗ ಕಿಟ್ ಬಂದಿತ್ತು. ಬೆಲ್ಟ್ ಜೊತೆ ಟೆನ್ಷನರ್, ಐಡ್ಲರ್, ವಾಟರ್ ಪಂಪ್, ಸೋರುತ್ತಿದ್ದ ಸೀಲ್, ಎಲ್ಲ ಒಟ್ಟಿಗೇ ಹಾಕಿಸಿದೆ. ನಮ್ಮ ಎಂಜಿನ್‌ನಲ್ಲಿ ಪಂಪ್ ತಿರುಗಿಸುವುದೂ ಅದೇ ಬೆಲ್ಟ್. ಆಮೇಲೆ ಪಂಪ್ ಕೆಟ್ಟರೆ ಮತ್ತೆ ಅಷ್ಟೂ ಬಿಚ್ಚಬೇಕು. ಮಾರ್ಕುಗಳನ್ನು ಹೊಂದಿಸಿ, ಸೆಲ್ಫ್ ಹೊಡೆಯುವ ಮೊದಲು ಎಂಜಿನ್ನನ್ನು ಸ್ಪ್ಯಾನರಿನಿಂದ ಕೈಯಲ್ಲೇ ಎರಡು ಸುತ್ತು ತಿರುಗಿಸಿ, ಮಾರ್ಕು ಮತ್ತೆ ಕೂಡುತ್ತವಾ ಅಂತ ನೋಡಿದರು. ಒಟ್ಟು 11,500 ರೂಪಾಯಿ ಆಯಿತು.

ನಿಮ್ಮ ಕಾರಿಗೆ ಬೆಲ್ಟ್ ಇದೆಯೋ ಚೈನ್ ಇದೆಯೋ, ಇವತ್ತೇ ಮ್ಯಾನುಯಲ್ ತೆಗೆದು ನೋಡಿ. ಬೆಲ್ಟ್ ಆದರೆ ಎಷ್ಟು ಕಿ.ಮೀ., ಎಷ್ಟು ವರ್ಷ ಅಂತ ಅದರಲ್ಲೇ ಬರೆದಿರುತ್ತದೆ. ಎರಡರಲ್ಲಿ ಯಾವುದು ಮೊದಲು ಬರುತ್ತೋ ಅದೇ ಗಡುವು. ಕಡಿಮೆ ಓಡಿಸಿದರೂ ರಬ್ಬರಿಗೆ ವಯಸ್ಸಾಗುತ್ತದೆ. ಸದ್ದು ಬರಲಿ ಅಂತ ಕಾಯಬೇಡಿ, ಎಷ್ಟೋ ಸಲ ಸದ್ದಿಲ್ಲದೇ ಕಿತ್ತುಹೋಗುತ್ತದೆ. ಸೆಕೆಂಡ್ ಹ್ಯಾಂಡ್ ಕಾರಿಗೆ ದಾಖಲೆ ಇಲ್ಲ ಅಂದರೆ, ಬದಲಾಯಿಸಿಲ್ಲ ಅಂತಲೇ ತಿಳಿಯಿರಿ.

ಹೊರಡುವಾಗ ಮೆಕ್ಯಾನಿಕ್ ಕವರಿನ ಮೇಲೆ ಮಾರ್ಕರ್‌ನಲ್ಲಿ ತಾರೀಖು, ಕಿಲೋಮೀಟರ್ ಬರೆದರು. ಅಪ್ಪ ಅದನ್ನೇ ತಮ್ಮ ಡೈರಿಯಲ್ಲಿ ಬರೆದುಕೊಂಡರು. ಈ ಸಲ ನಾನೂ ಫೋನಿನಲ್ಲಿ ರಿಮೈಂಡರ್ ಹಾಕಿಕೊಂಡೆ.